ಪೊರಕೆ ಅವಳ ಕೈಲಿ, ಹಾಜರಿ ಪುಸ್ತಕ ಅವನ ಕೈಲಿ



ಮಾರ್ಚ್ 8 ಬಂತೆಂದರೆ ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಬಲೂನು ಕಟ್ಟುತ್ತಾರೆ. ಹೆಂಗಸರಿಗೆ ಒಂದೊಂದು ಗುಲಾಬಿ ಕೊಡುತ್ತಾರೆ. ಕೆಲಸದ ಜಾಗದಲ್ಲಿ ಲಿಂಗ ಸಮಾನತೆ, ಎಲ್ಲರನ್ನೂ ಒಳಗೊಳ್ಳುವುದು ಅಂತ ಭಾಷಣ ನಡೆಯುತ್ತದೆ. ಭಾಷಣ ಮುಗಿದ ಮೇಲೆ ಒಡೆದ ಬಲೂನು, ಬಾಡಿದ ಹೂವು ಗುಡಿಸೋದಕ್ಕೆ ಒಬ್ಬಳು ಬರುತ್ತಾಳೆ. ಅವಳ ಕೈಗೆ ಯಾರೂ ಗುಲಾಬಿ ಕೊಟ್ಟಿರುವುದಿಲ್ಲ. ಕೇಳಿದರೆ, ಅವಳು ನಮ್ಮ ಕಂಪನಿಯ ನೌಕರಳಲ್ಲ, ಗುತ್ತಿಗೆಯವಳು ಅಂತಾರೆ.

ನಾವು ಆ ಭಾಷಣದ ವೈರಿಗಳಲ್ಲ. ಮಾತು ಒಳ್ಳೆಯದೇ. ಅದನ್ನು ಯಾವ ತುದಿಯಿಂದ ಶುರು ಮಾಡಬೇಕು ಅನ್ನೋದೇ ನಮ್ಮ ತಕರಾರು. ಕುರ್ಚಿಯ ಕಡೆಯಿಂದ ಅಳೆಯುವವರು ಮೇನೇಜರ್‌ಗಳಲ್ಲಿ ಹೆಂಗಸರೆಷ್ಟು, ಡೈರೆಕ್ಟರ್‌ಗಳಲ್ಲಿ ಹೆಂಗಸರೆಷ್ಟು ಅಂತ ಎಣಿಸಿ ಖುಷಿಪಡುತ್ತಾರೆ. ಎಣಿಸಲಿ. ಪೊರಕೆಯ ಕಡೆಯಿಂದಲೂ ಒಂದು ಸಲ ಅಳೆದು ನೋಡಿ ಅಂತ ನಾವು ಕೇಳ್ತಾ ಇದ್ದೀವಿ.

ಹೆಣ್ಣು ಕೆಲಸಕ್ಕೆ ಹೋಗಬೇಕು, ಹೊಸ್ತಿಲು ದಾಟಬೇಕು ಎಂದು ಮೇಲ್ಜಾತಿಯ ಹೆಣ್ಣುಮಕ್ಕಳು ಹೋರಾಡಿದರು. ಅದು ನಿಜವಾದ ಹೋರಾಟ, ಅದಕ್ಕೆ ನಮ್ಮ ಗೌರವ ಇದೆ. ಆದರೆ ನಮ್ಮ ಅವ್ವಂದಿರನ್ನು ಮನೆಯೊಳಗೆ ಕೂಡಿ ಹಾಕಿದವರು ಯಾರು? ಅವರು ಕೋಳಿ ಕೂಗೋಕೆ ಮುಂಚೆ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ಹೊತ್ತು ಏರಿದರೆ ಕೆಸರುಗದ್ದೆ. ಹೊತ್ತು ಇಳಿದರೆ ತಲೆ ಮೇಲೆ ಸೌದೆ. ಅವರನ್ನು ಯಾರೂ ಕೆಲಸದಿಂದ ಹೊರಗಿಡಲಿಲ್ಲ, ಕೆಲಸದೊಳಗೇ ಕಟ್ಟಿ ಹಾಕಿದರು. ಬೇರೆಯವರು ಮುಟ್ಟದ ಕೆಲಸವನ್ನೆಲ್ಲಾ ಜಾತಿ ನಮಗೆ ಕೊಟ್ಟಿತು. ಅದರಲ್ಲೂ ಅತಿ ಕಡಿಮೆ ಕೂಲಿಯದನ್ನು ನಮ್ಮ ಹೆಂಗಸರ ಕೈಗೆ ಕೊಟ್ಟಿತು. ಅವರಿಗೆ ಬೇಕಾದದ್ದು 'ಒಳಗೆ ಬಾ' ಅನ್ನೋ ಕರೆ ಅಲ್ಲ. ಮೇಲೆ ಹೋಗೋ ದಾರಿ, ಬೇಡವೆಂದರೆ ಹೊರಗೆ ಬರೋ ದಾರಿ. ಅಲ್ಲಿಯವರೆಗೆ ಕುಡಿಯೋಕೆ ನೀರು, ಕೂರೋಕೆ ಜಾಗ, ದೂರೋಕೆ ಬಾಯಿ.

ನಮ್ಮ ಭಾಷೆಯನ್ನೇ ನೋಡಿ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಅಂತ ಹಳ್ಳಿಯಲ್ಲಿ ಇವತ್ತೂ ಕೂಲಿ ಕೂಗುತ್ತಾರೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಈಗ ಆ ಕಾಯ್ದೆ 2019ರ ವೇತನ ಸಂಹಿತೆಯೊಳಗೆ ಸೇರಿಹೋಗಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕಾನೂನಿನ ಹೆಸರು ಬದಲಾಯಿತು, ಹೆಣ್ಣಾಳು ಹೆಣ್ಣಾಳಾಗಿಯೇ ಉಳಿದಳು. ಯಾಕೆ?

ಯಾಕೆಂದರೆ ಈ ಕಾನೂನು ಒಂದೇ ಬಗೆಯ ಕೆಲಸ ಮಾಡುವ ಗಂಡು, ಹೆಣ್ಣನ್ನು ಪಕ್ಕಪಕ್ಕ ನಿಲ್ಲಿಸಿ ಹೋಲಿಸುತ್ತದೆ. ನಾಟಿ ಹಾಕುವ ಸಾಲಿನಲ್ಲಿ ಹೋಲಿಸೋಕೆ ಗಂಡಸೇ ಇರೋದಿಲ್ಲವಲ್ಲ! ನಾಟಿ ಹೆಂಗಸರ ಕೆಲಸ, ನೇಗಿಲು ಗಂಡಸರ ಕೆಲಸ ಅಂತ ಮೊದಲೇ ಭಾಗ ಮಾಡಿ ಇಟ್ಟಿದ್ದಾರೆ. ಭಾಗ ಮಾಡಿದ ಮೇಲೆ ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ. ಇಡೀ ದಿನ ಸೊಂಟ ಬಗ್ಗಿಸಿ ನಿಂತವಳ ಕೆಲಸ 'ಹಗುರ'. ಹಗುರ ಅಂದವರು ಒಂದು ಮಡಿ ನಾಟಿ ಹಾಕಿ ತೋರಿಸಲಿ.

ಒಂದು ಕಡೆ ಮಾತ್ರ ಈ ಲೆಕ್ಕ ಮುರಿಯಿತು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ದರ ಇಟ್ಟರು. ಕೆಲಸ ಪಡೆಯುವವರಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರಿರಬೇಕು ಅಂದರು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳೋಕೆ ಒಬ್ಬಳನ್ನು ನೇಮಿಸಬೇಕು ಅಂದರು. ಕೂಲಿ ತಡವಾಯಿತು, ಮಕ್ಕಳ ಕೂಸಿನಮನೆ ಎಷ್ಟೋ ಕಡೆ ಕಾಗದದಲ್ಲೇ ಉಳಿಯಿತು, ಎಲ್ಲಾ ನಿಜ. ಆದರೂ ಕೆರೆ ಹೂಳೆತ್ತಿದ ಹೆಂಗಸು ಗಂಡಸಿನಷ್ಟೇ ಕೂಲಿ ಎಣಿಸಿದಳು. ಸರ್ಕಾರ ಮನಸ್ಸು ಮಾಡಿದರೆ ಹೆಣ್ಣಾಳು, ಗಂಡಾಳು ಅನ್ನೋದು ಅಳಿಸಿಹೋಗುತ್ತದೆ ಅನ್ನೋದಕ್ಕೆ ಇದು ಸಾಕ್ಷಿ.

ಈಗ ನಾವು ಇತಿಹಾಸದ ಒಂದು ಹಾಳೆ ತಿರುವಬೇಕು. ಲಿಂಗ ಸಮಾನತೆ ಅನ್ನೋದು ಕಂಪನಿಗಳು ಹೊರಗಿನಿಂದ ತಂದ ಹೊಸ ಮಾತು ಅಂತ ಅನೇಕರು ತಿಳಿದಿದ್ದಾರೆ. 1942ರ ಜುಲೈನಲ್ಲಿ ನಾಗಪುರದಲ್ಲಿ ದಲಿತ ವರ್ಗಗಳ ಮಹಿಳೆಯರ ಅಖಿಲ ಭಾರತ ಸಮ್ಮೇಳನ ನಡೆಯಿತು. ಬಾಬಾಸಾಹೇಬರು ಅಲ್ಲಿ ಮಾತಾಡಿದರು. ಆ ಹೆಂಗಸರು ನಿರ್ಣಯಗಳಲ್ಲಿ ಏನು ಕೇಳಿದರು ಗೊತ್ತಾ? ಗಿರಣಿಯಲ್ಲಿ, ಬೀಡಿ ಕಾರ್ಖಾನೆಯಲ್ಲಿ, ಮುನಿಸಿಪಾಲಿಟಿಯಲ್ಲಿ, ರೈಲ್ವೆಯಲ್ಲಿ ದುಡಿಯುವ ಹೆಂಗಸರಿಗೆ ಸಂಬಳದ ರಜೆ ಕೇಳಿದರು. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೇಳಿದರು. ಮುಪ್ಪಿಗೆ ಪಿಂಚಣಿ ಕೇಳಿದರು. ಇನ್ನೊಂದು ಕೇಳಿದರು: ಗಿರಣಿಯ ಹೆಂಗಸರ ಮೇಲೆ ಗಂಡಸು ಮೇಲ್ವಿಚಾರಕರು ಬೇಡ, ಹೆಂಗಸರನ್ನೇ ನೇಮಿಸಿ.

ಆಗಿನ್ನೂ ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ, ಸಂವಿಧಾನ ಬರೆದಿರಲಿಲ್ಲ. ಅಷ್ಟರಲ್ಲೇ ಪೊರಕೆ ಹಿಡಿದವರಿಗೆ, ಬೀಡಿ ಕಟ್ಟಿದವರಿಗೆ ಗೊತ್ತಿತ್ತು, ಕೂಲಿಯಷ್ಟೇ ಮುಖ್ಯವಾದದ್ದು ಹಾಜರಿ ಪುಸ್ತಕ ಯಾರ ಕೈಲಿದೆ ಅನ್ನೋದು. ಅದಕ್ಕೂ ಮುಂಚೆ, 1928ರಲ್ಲಿ, ಮುಂಬೈ ಶಾಸನ ಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರ ನಿಂತವರು ಬಾಬಾಸಾಹೇಬರು. ಬಸುರಿ ಬಾಣಂತಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಅದರ ಭಾರ ಹೊರಬೇಕು ಅನ್ನೋದು ಅವರ ವಾದ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿದಾಗ ಆಫೀಸುಗಳಲ್ಲಿ ಸಿಹಿ ಹಂಚಿದರು. ಆ ಸಿಹಿಯ ಮೂಲದಲ್ಲಿ ಗಿರಣಿಯ ಕೂಲಿ ಹೆಂಗಸರಿದ್ದಾರೆ. ಗದ್ದೆಯಲ್ಲಿ ಬಸುರಾದವಳಿಗೆ ಮಾತ್ರ ಆ 26 ವಾರದಲ್ಲಿ ಒಂದು ವಾರವೂ ಸಿಗುವುದಿಲ್ಲ.

ನಾಗಪುರದ ಪಟ್ಟಿ ಹಿಡಿದುಕೊಂಡು ನಮ್ಮ ಬೆಂಗಳೂರಿಗೆ ಬನ್ನಿ.

ಬೆಂಗಳೂರಿನ ಬೀದಿ ಗುಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ಅವರಲ್ಲಿ ಹೆಚ್ಚಿನವರು ನಮ್ಮವರು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸುವ ಆದೇಶ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಬಂತು. ತಲೆಯಿಂದ ಬುಟ್ಟಿ ಇಳಿಯಿತು, ಕೈಯಿಂದ ಪೊರಕೆ ಇಳಿಯಲಿಲ್ಲ. ಊರು ಬೆಳೆದಂತೆ ಪೊರಕೆಯನ್ನು ಗುತ್ತಿಗೆದಾರನ ಕೈಗೆ ಕೊಟ್ಟರು. ಗುತ್ತಿಗೆದಾರ ಮೇಸ್ತ್ರಿಯನ್ನು ಇಟ್ಟ. ಮೇಸ್ತ್ರಿ ಹಾಜರಿ ಬರೆದ. ನಸುಕಿನಲ್ಲಿ ಐದು ನಿಮಿಷ ತಡವಾದರೆ ದಿನದ ಕೂಲಿ ಅವನ ಪೆನ್ನಿನ ತುದಿಯಲ್ಲಿ. ಅವನು ನಕ್ಕರೆ ಇವಳೂ ನಗಬೇಕು, ಅವನು ಅಂದರೆ ಅನ್ನಿಸಿಕೊಳ್ಳಬೇಕು. ಈಗ ಪುಸ್ತಕದ ಜಾಗಕ್ಕೆ ಯಂತ್ರ ಬಂದಿದೆ. ಯಂತ್ರ ಹಿಡಿದು ನಿಂತಿರುವವನು ಮಾತ್ರ ಸಾಮಾನ್ಯವಾಗಿ ಅದೇ ಗಂಡಸು.

ಈ ಹೆಂಗಸರು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿದರು. 2018ರಲ್ಲಿ ಬೆಂಗಳೂರಿನಲ್ಲಿ ಗುಡಿಸುವವರಿಗೆ ಗುತ್ತಿಗೆದಾರನನ್ನು ಬದಿಗಿಟ್ಟು ಪಾಲಿಕೆಯೇ ನೇರವಾಗಿ ಸಂಬಳ ಕೊಡುವ ಪದ್ಧತಿ ಬಂತು. 2022ರ ಜುಲೈ 1ರಿಂದ ನಾಲ್ಕು ದಿನ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ನಾಲ್ಕೇ ದಿನಕ್ಕೆ ಊರು ಮೂಗು ಮುಚ್ಚಿಕೊಂಡಿತು. ಸರ್ಕಾರ ಖಾಯಂ ಮಾಡುವ ಮಾತು ಕೊಟ್ಟಿತು. 2025ರ ಮೇ ದಿನದಂದು ಆಗಿನ ಬಿಬಿಎಂಪಿಯ 12,692 ಪೌರಕಾರ್ಮಿಕರಿಗೆ ಖಾಯಂ ನೇಮಕದ ಪತ್ರ ಕೊಟ್ಟರು. ಯಾರ ಕರುಣೆಯಿಂದಲೂ ಅದು ಬಂದದ್ದಲ್ಲ. ಬೀದಿಯಲ್ಲಿ ಕೂತು ಗೆದ್ದದ್ದು. ಈ ಗೆಲುವನ್ನು ಹಾಸ್ಟೆಲಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು.

ಇನ್ನೊಂದು ಗೆಲುವನ್ನೂ ತಿಳಿದಿರಿ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ದುಡ್ಡು ತೆಗೆಯೋದಕ್ಕೆ ಕೇಂದ್ರ ಸರ್ಕಾರ ಅಡ್ಡಿ ಹಾಕಿತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ದಿಲ್ಲಿ ತನ್ನ ಆದೇಶ ವಾಪಸ್ ತಗೊಂಡಿತು. ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕೂತವರು ಅಂತ ಯಾರನ್ನು ತಿಳಿದಿದ್ದರೋ ಅವರೇ ದಿಲ್ಲಿಯನ್ನು ತಗ್ಗಿಸಿದರು. ಅವರ ಕಾರ್ಖಾನೆಯಲ್ಲೂ ಅದೇ ಲೆಕ್ಕ. ಸಾಲಿನಲ್ಲಿ ಹೆಂಗಸರು, ಸಾಲಿನ ತುದಿಯಲ್ಲಿ ನಿಂತು ಟಾರ್ಗೆಟ್ ಕೂಗುವವನು ಬಹುಪಾಲು ಗಂಡಸು.

ಇಷ್ಟಾದರೂ ನಾಗಪುರದ ಒಂದು ಬೇಡಿಕೆ ಹಾಗೇ ಉಳಿದಿದೆ. ಗುಡಿಸುವವಳು ಹೆಂಗಸು, ಗಾಡಿ ಓಡಿಸುವವನು ಗಂಡಸು, ಮೇಲ್ವಿಚಾರಕ ಗಂಡಸು. ಇಪ್ಪತ್ತು ವರ್ಷ ಗುಡಿಸಿದವಳಿಗೆ ಆ ಬೀದಿಯ ಒಂದೊಂದು ಮೋರಿಯೂ ಗೊತ್ತು. ಅವಳು ಮೇಸ್ತ್ರಿ ಆಗಬಾರದು ಅಂತ ಎಲ್ಲಿ ಬರೆದಿದೆ? ಎಲ್ಲೂ ಬರೆದಿಲ್ಲ. ಬರೆಯದೇ ನಡೆಯೋದಕ್ಕೇ ಜಾತಿ ಅಂತಾರೆ.

ಇನ್ನು ಶೌಚಾಲಯ. ಊರನ್ನೆಲ್ಲಾ ಶುಚಿ ಮಾಡುವವಳಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ಶೌಚಾಲಯ ಇಲ್ಲ. ಹಾಗಂತ ಅವಳು ನೀರು ಕುಡಿಯೋದನ್ನೇ ಬಿಡುತ್ತಾಳೆ. ಅದು ಕಾಯಿಲೆಯಾಗಿ ಮೈಗೆ ಬರುತ್ತದೆ. ವಿಶ್ರಾಂತಿಗೆ ಅಂತ ಪಾಲಿಕೆ 'ಸುವಿಧಾ' ಕ್ಯಾಬಿನ್ನುಗಳನ್ನು ಇಡತೊಡಗಿತು. ಒಳ್ಳೆಯದು. ಬೀಗ ತೆಗೆದಿರಲಿ, ನೀರು ಬರಲಿ, ಪ್ರತಿ ವಾರ್ಡಿನಲ್ಲಿ ನಡೆದುಹೋಗುವ ದೂರದಲ್ಲಿರಲಿ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ವರ್ಷಕ್ಕೆ 12 ದಿನ ಸಂಬಳದ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ನಾವು ಸ್ವಾಗತಿಸುತ್ತೇವೆ. ಆದರೆ ರಜೆಯಿಲ್ಲದ ಉಳಿದ ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಾಯಿಸೋಕೆ ನಾಲ್ಕು ಗೋಡೆ ಎಲ್ಲಿದೆ? ದಿನಗೂಲಿಯವಳು ರಜೆ ಕೇಳಿದರೆ ನಾಳೆ ಬರಬೇಡ ಅನ್ನೋನ ಬಾಯಿ ಮುಚ್ಚಿಸೋರು ಯಾರು?

ಈಗ ಒಂದು ಪದದ ಬಗ್ಗೆ ಹೇಳಬೇಕು. 'ಗೌರವಧನ.' ಶಾಲೆಯ ಬಿಸಿಯೂಟ ಬೇಯಿಸುವವಳಿಗೆ ಸಂಬಳ ಇಲ್ಲ, ಗೌರವಧನ. ಅಂಗನವಾಡಿ ಟೀಚರಿಗೆ ಗೌರವಧನ. ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ. ಹೆಂಗಸರೇ ಮಾಡುವ ಕೆಲಸಕ್ಕೆ ಸರ್ಕಾರ ಸೇವೆ ಅಂತ ಹೆಸರಿಟ್ಟಿತು. ಸೇವೆ ಅಂದರೆ ಕನಿಷ್ಠ ಕೂಲಿಯ ಲೆಕ್ಕ ಹಾಕಬೇಕಾಗಿಲ್ಲ ನೋಡಿ! ಅದರಲ್ಲಿ ಗೌರವವೂ ಕಾಣೆ, ಧನವೂ ಕಾಣೆ. 2022ರಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರೂ ಗ್ರಾಚ್ಯುಟಿಗೆ ಅರ್ಹರು ಅಂದಿತು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನ ಚಳಿಯಲ್ಲಿ ಮಲಗಿ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದರು. ದನಿ ಎತ್ತಿದಾಗಷ್ಟೇ ಸೇವೆ ಕೆಲಸ ಆಗುತ್ತದೆ.

ಬಿಸಿಯೂಟದ ಅಡುಗೆಯವಳು ದಲಿತಳಾದರೆ ಇನ್ನೊಂದು ಗೋಡೆ. 2025ರಲ್ಲಿ ಚಾಮರಾಜನಗರದ ಹೊಮ್ಮ ಗ್ರಾಮದ ಶಾಲೆಯಿಂದ ಮಕ್ಕಳನ್ನು ಬಿಡಿಸಿಕೊಂಡು ಹೋದರು, ಮುಖ್ಯ ಅಡುಗೆಯವಳು ದಲಿತಳು ಅನ್ನೋದೇ ಕಾರಣ ಅಂತ ಪತ್ರಿಕೆಗಳು ಬರೆದವು. ಗದ್ದೆಯಲ್ಲಿ ಅವಳು ಕಿತ್ತ ಪೈರಿನ ಅಕ್ಕಿ ಆಗುತ್ತದೆ, ಅವಳು ಬೇಯಿಸಿದ ಅನ್ನ ಆಗುವುದಿಲ್ಲ. ಇಲ್ಲಿ ಅವಳಿಗೆ ಅನ್ಯಾಯ ಆದದ್ದು ಹೆಂಗಸಾಗಿಯೋ, ದಲಿತಳಾಗಿಯೋ? ಗೌರವಧನದ ಪುಡಿಗಾಸು ಹೆಂಗಸು ಅಂತ. ತಟ್ಟೆ ತಳ್ಳಿದ್ದು ದಲಿತಳು ಅಂತ. ಮೈ ಒಂದೇ, ಏಟು ಎರಡು.

ಕಾನೂನಿನ ಕಚೇರಿಯಲ್ಲಿ ಮಾತ್ರ ಎರಡು ಕಿಟಕಿ. ಹೆಂಗಸಿನ ದೂರು ಒಂದು ಕಿಟಕಿ, ಜಾತಿಯ ದೂರು ಇನ್ನೊಂದು. ಕೆಲಸದ ಜಾಗದ ಲೈಂಗಿಕ ಕಿರುಕುಳದ ಕಾಯ್ದೆ 2013ರಲ್ಲಿ ಬಂತು. ಅದರ ತಾಯಿಬೇರು ಎಲ್ಲಿದೆ ನೋಡಿ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ, ಕುಂಬಾರರ ಮನೆಯ ಹೆಂಗಸು, ಸರ್ಕಾರದ ಯೋಜನೆಯ 'ಸಾಥಿನ್'. ಬಾಲ್ಯವಿವಾಹ ತಡೆಯೋ ತನ್ನ ಕೆಲಸ ಮಾಡಿದ್ದಕ್ಕೆ 1992ರಲ್ಲಿ ಮೇಲ್ಜಾತಿಯ ಗಂಡಸರು ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರೆಂದು ದೂರು ಕೊಟ್ಟರು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆ ಪ್ರಕರಣದ ಹಿನ್ನೆಲೆಯಲ್ಲೇ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ಮಾರ್ಗಸೂಚಿ ಬಂದದ್ದು. ಇವತ್ತು ದೊಡ್ಡ ದೊಡ್ಡ ಆಫೀಸಿನ ಹೆಣ್ಣುಮಕ್ಕಳಿಗೆ ಇರುವ ರಕ್ಷಣೆ ಒಬ್ಬ ಹಳ್ಳಿ ಹೆಂಗಸಿನ ಗಾಯದಿಂದ ಹುಟ್ಟಿದ್ದು.

ಆ ಕಾಯ್ದೆಯಲ್ಲಿ ಒಂದು ಸಣ್ಣ ಅಕ್ಷರದ ಮಾತಿದೆ. ಜಿಲ್ಲೆಯ ಸ್ಥಳೀಯ ಸಮಿತಿಗೆ ಹೊರಗಿನಿಂದ ನೇಮಿಸುವವರಲ್ಲಿ ಒಬ್ಬಳಾದರೂ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತ ಮಹಿಳೆ ಇರಬೇಕು. ಸರಿ. ಆದರೆ ಹತ್ತು ಜನಕ್ಕಿಂತ ಕಡಿಮೆಯಿಲ್ಲದ ಆಫೀಸು, ಕಾರ್ಖಾನೆಗಳೊಳಗೆ ಮಾಡುವ ಆಂತರಿಕ ಸಮಿತಿಗೆ ಈ ಮಾತು ಅನ್ವಯಿಸುವುದಿಲ್ಲ. ಅಧ್ಯಕ್ಷೆ ಹಿರಿಯ ನೌಕರಳಾಗಿರಬೇಕು ಅಂತಾರೆ. ಹಿರಿಯ ಕುರ್ಚಿಯಲ್ಲಿ ನಮ್ಮವಳು ಎಷ್ಟು ಕಡೆ ಇದ್ದಾಳೆ? ಗುಡಿಸುವವಳು ಮೇಸ್ತ್ರಿಯ ಮೇಲೆ ದೂರು ತಂದರೆ ಎದುರಿಗೆ ಕೂತಿರುವವರಿಗೆ ಅವಳ ಮಾತು, ಅವಳ ಭಯ, ಅವಳ ಕೇರಿ ಯಾವುದೂ ಗೊತ್ತಿರೋದಿಲ್ಲ. ನಾವು ಕೇಳೋದು ಇಷ್ಟೇ. ಪ್ರತಿ ಆಂತರಿಕ ಸಮಿತಿಯಲ್ಲೂ ಒಬ್ಬ ದಲಿತ ಅಥವಾ ಆದಿವಾಸಿ ಹೆಣ್ಣುಮಗಳು ಇರಬೇಕೆಂದು ಕಾಯ್ದೆ ತಿದ್ದಲಿ. 2016ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ದಲಿತ ಹೆಣ್ಣನ್ನು ಒಪ್ಪಿಗೆಯಿಲ್ಲದೆ ಲೈಂಗಿಕವಾಗಿ ಮುಟ್ಟುವುದು ದೌರ್ಜನ್ಯ ತಡೆ ಕಾಯ್ದೆಯಡಿಯಲ್ಲೂ ಅಪರಾಧ. ಇದನ್ನು ದೂರು ಕೊಡಲು ಬಂದವಳಿಗೆ ಸಮಿತಿಯೇ ಮೊದಲ ದಿನ ಓದಿ ಹೇಳಲಿ. ಎರಡು ಕಿಟಕಿಯ ನಡುವಿನ ಗೋಡೆ ಒಡೆಯಲಿ.

ಇನ್ನು ನಿಮ್ಮ ಜೊತೆ ನೇರ ಮಾತು, ಹಾಸ್ಟೆಲ್ ಹುಡುಗರೇ.

ಈ ಮೇಸ್ತ್ರಿ ಯಾರು? ಎಷ್ಟೋ ಸಲ ಅವನು ನಮ್ಮ ಕೇರಿಯವನೇ. ಮೇಲಿನವನು ಅವನನ್ನು ಏಕವಚನದಲ್ಲಿ ಕರೆಯುತ್ತಾನೆ, ಅವನು ಆ ಏಕವಚನವನ್ನು ತಂದು ನಮ್ಮ ಅಕ್ಕನ ಮೇಲೆ ಸುರಿಯುತ್ತಾನೆ. ಜಾತಿಯ ಏಣಿ ಮೇಲಿನಿಂದ ಕೆಳಗೆ ಮಾತ್ರ ನಿಂತಿಲ್ಲ. ಕೊನೆಯ ಮೆಟ್ಟಿಲ ಕೆಳಗೂ ಅದು ಒಂದು ಮೆಟ್ಟಿಲು ಇಟ್ಟಿದೆ, ಅಲ್ಲಿ ಹೆಣ್ಣು ನಿಂತಿದ್ದಾಳೆ. ಇದನ್ನು ಹೇಳಿದರೆ ಚಳುವಳಿ ಒಡೆಯುತ್ತದೆ ಅನ್ನುವವರಿದ್ದಾರೆ. ಹೇಳದಿದ್ದರೆ ಅರ್ಧ ಚಳುವಳಿ ಮಾತ್ರ ಉಳಿಯುತ್ತದೆ ಅಂತ ನಾವು ಹೇಳ್ತೀವಿ.

ನಾಳೆ ನೀವು ಓದಿ ಆಫೀಸರಾಗ್ತೀರಿ. ಹಾಜರಿ ಪುಸ್ತಕ ನಿಮ್ಮ ಕೈಗೆ ಬರುತ್ತದೆ. ಆ ದಿನ ನಿಮ್ಮ ಕೈ ಏನು ಬರೆಯುತ್ತದೆ ಅನ್ನೋದು ಇವತ್ತು ನಿಮ್ಮ ಹಾಸ್ಟೆಲಿನಲ್ಲಿ ನೀವು ಏನು ಕೇಳುತ್ತೀರಿ ಅನ್ನೋದರ ಮೇಲೆ ನಿಂತಿದೆ. ಅಡುಗೆಮನೆಗೆ ಹೋಗಿ ಕೇಳಿ. ಅಕ್ಕಾ, ನಿನ್ನ ಸಂಬಳ ಎಷ್ಟು, ಯಾರು ಕೊಡ್ತಾರೆ, ಭವಿಷ್ಯನಿಧಿ ಕಟ್ಟಿದಾರಾ, ವಾರದ ರಜೆ ಇದೆಯಾ? ಹೊರಗುತ್ತಿಗೆ ಅನ್ನೋ ಪದದ ಹಿಂದೆ ಎಷ್ಟು ತಿಂಗಳ ಬಾಕಿ ಇದೆ ಅಂತ ತಿಳಿಯಿರಿ. ಊಟ ಮಾಡಿದ ತಟ್ಟೆ ನೀವೇ ತೊಳೆಯಿರಿ. ಕಾಲೇಜಿನ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ, ಹೆಸರು ಗೋಡೆಗೆ ಹಚ್ಚಿದ್ದಾರಾ ನೋಡಿ. ಹಚ್ಚಿಲ್ಲದಿದ್ದರೆ ಪ್ರಿನ್ಸಿಪಾಲರಿಗೆ ಅರ್ಜಿ ಬರೆಯಿರಿ.

ಕಾನೂನಿನಲ್ಲಿರುವ ಮೂರು ಮಾತು ಬಾಯಿಪಾಠ ಮಾಡಿಕೊಳ್ಳಿ, ನಿಮ್ಮ ಅವ್ವ ಅಕ್ಕಂದಿರಿಗೆ ಹೇಳಿ. ಒಂದು, ಗುತ್ತಿಗೆಯವಳು, ದಿನಗೂಲಿಯವಳು, ಗೌರವಧನದವಳು ಎಲ್ಲರೂ ಈ ಕಾಯ್ದೆಯ ಪ್ರಕಾರ ನೌಕರರೇ, ಎಲ್ಲರೂ ದೂರು ಕೊಡಬಹುದು. ಎರಡು, ಮನೆಗೆಲಸದವರು, ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ದುಡಿಯುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮೂರು, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ. ನಮ್ಮ ಅಕ್ಷರ ಮತ್ಯಾತಕ್ಕೆ? ಒಂದು ಪ್ರೇಮಪತ್ರ ಕಡಿಮೆ ಬರೆಯಿರಿ, ಒಂದು ದೂರು ಹೆಚ್ಚು ಬರೆದುಕೊಡಿ.

ಗೆಳತಿಯರೇ, ನಿಮಗೂ ಒಂದು ಮಾತು. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಹೆಣ್ಣುಮಕ್ಕಳಿಗೆ ಶೇ. 33 ಮೀಸಲು ಇದೆ. ಪರಿಶಿಷ್ಟ ಜಾತಿಯ ಪಾಲಿನೊಳಗೂ ಅದು ಇದೆ. ಅರ್ಜಿ ಹಾಕದೆ ಬಿಡಬೇಡಿ. 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲು ಕೊಟ್ಟ ಮೊದಲ ರಾಜ್ಯ ನಮ್ಮದು. ಅವರು ನಿಮ್ಮ ಪಕ್ಕದ ಮೇಜಿಗೆ ಬಂದಾಗ ನಗುವವರ ಸಾಲಿನಲ್ಲಿ ನಮ್ಮವರು ಒಬ್ಬರೂ ಇರಕೂಡದು. ನಮ್ಮನ್ನು ನೋಡಿ ಜಗತ್ತು ನಕ್ಕ ನಗು ನಮಗೆ ನೆನಪಿದೆ.

ಕೊನೆಯದಾಗಿ ನಮ್ಮ ಬೇಡಿಕೆ, ಸಭೆಯಲ್ಲಿ ಕೂಗಿ ಹೇಳಬೇಕಾದದ್ದು:

ಗುಡಿಸುವ ಹೆಂಗಸರಿಂದಲೇ ಮೇಲ್ವಿಚಾರಕರನ್ನು ಬಡ್ತಿ ಕೊಟ್ಟು ಆರಿಸಿ. ಗಾಡಿ ಓಡಿಸುವ ತರಬೇತಿ ಕೇಳಿದ ಹೆಂಗಸಿಗೆ ಕೊಡಿ.

ಪ್ರತಿ ವಾರ್ಡಿನಲ್ಲಿ ಬೀಗ ತೆರೆದ ಶೌಚಾಲಯ, ಕುಡಿಯುವ ನೀರು, ಕೂರುವ ಜಾಗ.

ಗೌರವಧನ ಸಾಕು, ಸಂಬಳ ಕೊಡಿ.

ಆಂತರಿಕ ಸಮಿತಿಯಲ್ಲಿ ನಮ್ಮವಳು ಇರಲಿ.

ಹೆಣ್ಣಾಳು ಗಂಡಾಳು ಬೇಡ, ಆಳೇ ಬೇಡ. ಕೆಲಸಗಾರರು ಅನ್ನಿ, ಒಂದೇ ಕೂಲಿ ಕೊಡಿ.

ಅವ್ವನ ಕೈಲಿರುವ ಪೊರಕೆ ಮಗಳ ಕೈಗೆ ಬರದಿರಲಿ. ಬರುವ ತನಕ ಪೊರಕೆ ಹಿಡಿದ ಕೈಯೇ ಹಾಜರಿ ಪುಸ್ತಕವನ್ನೂ ಹಿಡಿಯಲಿ.

ಜೈ ಭೀಮ್.